ಲ್ಯಾಪ್‌ಟಾಪ್‌ಗೆ ಮೊಬೈಲ್ ಬ್ರಾಡ್‌ಬ್ಯಾಂಡ್ ಹಾಗೂ ಆನ್‌ಲೈನ್ ಜಂಟಿ ಕಾರ್ಯ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೊಠಡಿ ಮತ್ತು ಪೇಯಿಂಗ್ ಗೆಸ್ಟ್ ವಸತಿಗಳಲ್ಲಿರುವ ವಿದ್ಯಾರ್ಥಿಗಳು ಹಾಗೂ ಉದ್ಯೋಗಿಗಳ ಪೈಕಿ ಅನೇಕರಿಗೆ ಸ್ವಂತ ಕೇಬಲ್ ಸಂಪರ್ಕವಿರುವುದಿಲ್ಲ. ಇಂಥವರ ಸಂದರ್ಶನ, ತರಗತಿ ಮತ್ತು ಕಚೇರಿ ಸಭೆಗಳು ಮೊಬೈಲ್ ಸಂಪರ್ಕವನ್ನೇ ಅವಲಂಬಿಸಿರುತ್ತವೆ. ಸಂದರ್ಶನದ ನಡುವೆ ಸಂಪರ್ಕ ಕಡಿದುಹೋದಲ್ಲಿ ಉದ್ಯೋಗಾವಕಾಶವೇ ಕೈತಪ್ಪುವ ಸಂಭವವಿರುತ್ತದೆ. ಆದುದರಿಂದ ಸಂಪರ್ಕವನ್ನು ಆಯ್ಕೆ ಮಾಡುವಾಗ ಪ್ರಚಾರದಲ್ಲಿರುವ ಗರಿಷ್ಠ ವೇಗವನ್ನು ಮಾತ್ರ ನೋಡದೆ, ಮಾಹಿತಿಯನ್ನು ಕಳುಹಿಸುವ ವೇಗ ಮತ್ತು ಸಂಪರ್ಕದ ಸ್ಥಿರತೆಯನ್ನೂ ಪರಿಶೀಲಿಸುವುದು ಅವಶ್ಯಕ.

ಬೆಳೆದು ಬಂದ ಬಗೆ

2000ರ ದಶಕದ ಕೊನೆಯಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸುವ ಡೇಟಾ ಕಾರ್ಡ್‌ಗಳು ಬಳಕೆಗೆ ಬಂದವು. ಅಂದಿನ ಸಿಡಿಎಂಎ ತಂತ್ರಜ್ಞಾನದಲ್ಲಿ ಮಾಹಿತಿ ಪಡೆಯುವ ಗರಿಷ್ಠ ವೇಗ 3.1 ಎಂಬಿಪಿಎಸ್ ಆಗಿದ್ದರೆ, ಕಳುಹಿಸುವ ಗರಿಷ್ಠ ವೇಗ 1.8 ಎಂಬಿಪಿಎಸ್ ಆಗಿತ್ತು. ಈ ಸೇವೆಗಳು ಈಗ ಸ್ಥಗಿತಗೊಂಡಿವೆ. 2010ರಲ್ಲಿ 3ಜಿ ತರಂಗಗುಚ್ಛದ ಹರಾಜು ನಡೆಯಿತು. 2012ರ ಮೇ ತಿಂಗಳಲ್ಲಿ, ಕೋಲ್ಕತ್ತಾದ ನಂತರ, ಬೆಂಗಳೂರಿನಲ್ಲಿ ಏರ್‌ಟೆಲ್ ಸಂಸ್ಥೆಯು 4ಜಿ ಸೇವೆಯನ್ನು ಆರಂಭಿಸಿತು. 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ 5ಜಿ ಸೇವೆಗೆ ಚಾಲನೆ ದೊರೆಯಿತು. ಇಂದು ಡೇಟಾ ಕಾರ್ಡಿನ ಸ್ಥಾನವನ್ನು ಬಹುಮಟ್ಟಿಗೆ ಮೊಬೈಲ್‌ನ ಹಾಟ್‌ಸ್ಪಾಟ್ ಪಡೆದಿದೆ.

ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು ಕೇಂದ್ರ ಸರ್ಕಾರವು 2004ರಲ್ಲಿ 256 ಕೆಬಿಪಿಎಸ್, 2013ರಲ್ಲಿ 512 ಕೆಬಿಪಿಎಸ್ ಹಾಗೂ 2023ರಲ್ಲಿ 2 ಎಂಬಿಪಿಎಸ್ ಎಂದು ನಿಗದಿಪಡಿಸಿತು. ಈ ಮೂರೂ ಮಾಹಿತಿ ಪಡೆಯುವ ವೇಗಕ್ಕೆ ಸಂಬಂಧಿಸಿದವು ಎಂಬುದನ್ನು ಗಮನಿಸತಕ್ಕದ್ದು. ವಿಡಿಯೋ ಸಭೆಯಲ್ಲಿ ನಮ್ಮ ಧ್ವನಿ ಮತ್ತು ಚಿತ್ರ ಇತರರನ್ನು ತಲುಪುವುದು ಕಳುಹಿಸುವ ವೇಗದಿಂದ.

ವೇಗದಲ್ಲಿ ಏರಿಳಿತವೇಕೆ?

ಒಂದು ಗೋಪುರದ ಸಾಮರ್ಥ್ಯವನ್ನು ಆ ವ್ಯಾಪ್ತಿಯ ಎಲ್ಲ ಬಳಕೆದಾರರೂ ಹಂಚಿಕೊಳ್ಳುತ್ತಾರೆ. ಜನವಸತಿ ದಟ್ಟವಾಗಿರುವ ಬಿ.ಟಿ.ಎಂ. ಬಡಾವಣೆಯಂತಹ ಪ್ರದೇಶದಲ್ಲಿ ಎಲ್ಲರೂ ಮನೆಗೆ ಮರಳಿದ ಸಂಜೆಯ ವೇಳೆ ಪ್ರತಿಯೊಬ್ಬರ ಪಾಲು ಕಡಿಮೆಯಾಗುತ್ತದೆ. 5ಜಿಗೆ ಬಳಸುವ 3300 ಮೆಗಾಹರ್ಟ್ಸ್‌ನಂತಹ ಹೆಚ್ಚಿನ ಆವರ್ತನದ ತರಂಗಗಳು ಕಾಂಕ್ರೀಟ್ ಗೋಡೆಗಳನ್ನು ದಾಟುವಾಗ ಗಣನೀಯವಾಗಿ ಕ್ಷೀಣಿಸುತ್ತವೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಜಯನಗರದಿಂದ ಬನಶಂಕರಿಗೆ ಪ್ರಯಾಣಿಸುವಾಗ ಸಂಪರ್ಕವು ಒಂದು ಗೋಪುರದಿಂದ ಇನ್ನೊಂದಕ್ಕೆ ವರ್ಗಾವಣೆಯಾಗುವುದರಿಂದ ವಿಡಿಯೋದಲ್ಲಿ ಅಡಚಣೆಯಾಗಬಹುದು.

ಯಾವ ಕೆಲಸಕ್ಕೆ ಎಷ್ಟು?

ಹಲವರು ಒಂದೇ ಕಡತವನ್ನು ಏಕಕಾಲದಲ್ಲಿ ತಿದ್ದುವ ಗೂಗಲ್ ಡಾಕ್ಸ್‌ನಂತಹ ಸೌಲಭ್ಯಗಳು 2006ರಿಂದ ಲಭ್ಯವಿವೆ. ಇವುಗಳಲ್ಲಿ ತಿದ್ದಿದ ಭಾಗವಷ್ಟೇ ರವಾನೆಯಾಗುವುದರಿಂದ ಅಲ್ಪ ವೇಗವೂ ಸಾಕಾಗುತ್ತದೆ. ವಿಡಿಯೋ ಸಭೆಯ ಲೆಕ್ಕವೇ ಬೇರೆ. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಒಂದು ಗಂಟೆಗೆ 450 ಎಂಬಿ ಡೇಟಾ ವ್ಯಯವಾಗುತ್ತದೆ. ಪಡೆಯುವುದು ಮತ್ತು ಕಳುಹಿಸುವುದು ಸೇರಿದರೆ 900 ಎಂಬಿ. ದಿನಕ್ಕೆ 2 ಜಿಬಿ ಮಿತಿಯುಳ್ಳವರಿಗೆ ಇದು ಎರಡು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಅವಧಿಗೆ ಮಾತ್ರ ಸಾಕಾಗುತ್ತದೆ.

ಬಳಕೆದಾರರು ಗಮನಿಸಬೇಕಾದ ಅಂಶಗಳು

1. ಸಂದರ್ಶನ ಅಥವಾ ಪರೀಕ್ಷೆ ನಡೆಯುವ ಕೊಠಡಿಯಲ್ಲಿಯೇ, ಹಿಂದಿನ ದಿನ ಅದೇ ವೇಳೆಗೆ, ಎರಡೂ ದಿಕ್ಕಿನ ವೇಗವನ್ನು ಅಳೆಯುವುದು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಮೈಸ್ಪೀಡ್ ಆ್ಯಪ್ ಅನ್ನು ಇದಕ್ಕೆ ಬಳಸಬಹುದಾಗಿದೆ.
2. ಹಾಟ್‌ಸ್ಪಾಟ್ ನೀಡುವ ಮೊಬೈಲನ್ನು ಕಿಟಕಿಯ ಬಳಿ ಇರಿಸುವುದು; ಸಾಧ್ಯವಾದಲ್ಲಿ ಯುಎಸ್‌ಬಿ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಜೋಡಿಸುವುದು.
3. ಸಂಪರ್ಕ ದುರ್ಬಲವಾದಲ್ಲಿ ವಿಡಿಯೋ ನಿಲ್ಲಿಸಿ ಧ್ವನಿಯನ್ನು ಮಾತ್ರ ಮುಂದುವರಿಸುವುದು.
4. ಲ್ಯಾಪ್‌ಟಾಪ್‌ನ ಸ್ವಯಂಚಾಲಿತ ತಂತ್ರಾಂಶ ನವೀಕರಣವನ್ನು ಸಭೆಯ ಅವಧಿಯಲ್ಲಿ ತಡೆಹಿಡಿಯುವುದು.
5. ಹಾಟ್‌ಸ್ಪಾಟ್‌ಗೆ ಸುಲಭವಾಗಿ ಊಹಿಸಲಾಗದ ಪಾಸ್‌ವರ್ಡ್ ಇಡುವುದು. ಜಂಟಿ ಕಡತಗಳನ್ನು ಸಂಬಂಧಪಟ್ಟವರಿಗೆ ಮಾತ್ರ ತೆರೆದಿಡುವುದು.
6. ಸಿಮ್ ಕಾರ್ಡನ್ನು ಸ್ವಂತ ಹೆಸರಿನಲ್ಲಿಯೇ ಪಡೆಯುವುದು. ತಮ್ಮ ಹೆಸರಿನಲ್ಲಿರುವ ಸಂಪರ್ಕಗಳ ವಿವರವನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಬಹುದಾಗಿದೆ.

ದೂರು ಸಲ್ಲಿಕೆ

ಸೇವೆಯಲ್ಲಿ ನ್ಯೂನತೆ ಮುಂದುವರಿದಲ್ಲಿ ಮೊದಲು ಸೇವಾ ಸಂಸ್ಥೆಯ ದೂರು ಕೇಂದ್ರಕ್ಕೆ ತಿಳಿಸಿ, ದೂರಿನ ಸಂಖ್ಯೆಯನ್ನು ಪಡೆದಿಟ್ಟುಕೊಳ್ಳತಕ್ಕದ್ದು. ಪರಿಹಾರ ತೃಪ್ತಿಕರವಾಗಿಲ್ಲದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದಾಗಿದೆ. ದಿನಾಂಕ ಮತ್ತು ವೇಳೆ ಸಹಿತವಾಗಿ ದಾಖಲಿಸಿದ ವೇಗದ ವಿವರಗಳು ದೂರಿಗೆ ಪೂರಕವಾಗುತ್ತವೆ.