ಹೆಗಲಿಗೋ, ಜೇಬಿಗೋ: ಶಾಲೆಗೊಂದು ಹಳೆಯ ಕ್ಯಾಮರಾ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನ ಕಚೇರಿಯಲ್ಲಿ ಗಾಜಿನ ಕಪಾಟೊಂದಿದೆ. ಕಲೋತ್ಸವಗಳಲ್ಲಿ ಶಾಲೆಯ ಯಕ್ಷಗಾನ ತಂಡಕ್ಕೆ ದೊರೆತ ಫಲಕಗಳು ಅದರೊಳಗೆ ಸಾಲಾಗಿ ನಿಂತಿವೆ. ಇಸವಿಗಳಿವೆ, ಪ್ರಸಂಗಗಳ ಹೆಸರುಗಳಿವೆ. ಗೆದ್ದ ಮಕ್ಕಳ ಮುಖಗಳು ಮಾತ್ರ ಇಲ್ಲ. ಇರುವ ಮೂರು ಚಿತ್ರಗಳಲ್ಲಿ ಒಂದರಲ್ಲಿ ಕಿರೀಟ ಅರ್ಧ ಕತ್ತರಿಸಿಹೋಗಿದೆ, ಇನ್ನೊಂದರಲ್ಲಿ ವೇಷಧಾರಿಯ ಬದಲು ಕೆಂಪು ಬಣ್ಣದ ಒಂದು ಮಸುಕು ರಂಗದ ಮೇಲೆ ಸುಳಿದಂತೆ ಕಾಣುತ್ತದೆ, ಮೂರನೆಯದನ್ನು ಗೆದ್ದಲು ತಿಂದಿದೆ. ಒಂದು ಕಾಲಕ್ಕೆ ಪ್ರತಿ ತರಗತಿಗೂ ಎರಡು ಡಿವಿಷನ್ ಇದ್ದ ಶಾಲೆಯಲ್ಲಿ ಈಗ ಒಂದೊಂದೇ ಉಳಿದಿದೆ. ಹಿಮ್ಮೇಳಕ್ಕೆ ಚೆಂಡೆ ಬಾರಿಸುವ ಹುಡುಗ ಈ ವರ್ಷ ಹತ್ತನೆಯ ತರಗತಿ ಮುಗಿಸಿ ಹೋಗುತ್ತಾನೆ; ಮುಂದಿನ ವರ್ಷ ತಂಡ ಕಟ್ಟಲು ಮಕ್ಕಳು ಸಾಲುತ್ತಾರೆಯೇ ಎಂಬ ಚಿಂತೆ ಅಧ್ಯಾಪಕರಿಗಿದೆ.

ಪಿ.ಟಿ.ಎ. ಸಭೆಯಲ್ಲಿ ಕ್ಯಾಮರಾದ ಮಾತು ಬಂದುದು ಈ ಹಿನ್ನೆಲೆಯಲ್ಲಿ. ಈ ಬಾರಿಯ ತಂಡವನ್ನಾದರೂ ಸರಿಯಾಗಿ ಚಿತ್ರದಲ್ಲಿ ಉಳಿಸಿಕೊಳ್ಳಬೇಕು ಎಂಬುದರಲ್ಲಿ ಎಲ್ಲರೂ ಒಮ್ಮತದಲ್ಲಿದ್ದರು. ಹೊಸ ಕ್ಯಾಮರಾ ಕೊಳ್ಳುವಷ್ಟು ಹಣ ಇರಲಿಲ್ಲ. ಶಾಲೆಯ ಹಳೆ ವಿದ್ಯಾರ್ಥಿಯೊಬ್ಬರು ತಮ್ಮ ನಿಕಾನ್ ಡಿ90 ಡಿ.ಎಸ್.ಎಲ್.ಆರ್. ಕ್ಯಾಮರಾವನ್ನು ಎರಡು ಮಸೂರಗಳೊಂದಿಗೆ ಅಲ್ಪ ಬೆಲೆಗೆ ಕೊಡಲು ಮುಂದೆ ಬಂದರು. ರಕ್ಷಕರೊಬ್ಬರು ಅದಕ್ಕಿಂತ ತುಸು ಹೆಚ್ಚಿನ ಬೆಲೆಗೆ ದೊರೆಯುವ, ಅಂಗಿಯ ಜೇಬಿಗೆ ಇಳಿಯುವಂಥ ಸೋನಿ ಆರ್‌ಎಕ್ಸ್100 ಕಾಂಪ್ಯಾಕ್ಟ್ ಕ್ಯಾಮರಾವನ್ನು ಸೂಚಿಸಿದರು. ಎರಡೂ ಬಳಸಿದ ವಸ್ತುಗಳೇ. ಆಯ್ಕೆ ಮಾಡುವ ಹೊಣೆ ಪ್ಲಸ್ ಟು ಓದುತ್ತಿರುವ, ಇದೇ ಶಾಲೆಯಲ್ಲಿ ಕಲಿತುಹೋದ ಒಬ್ಬ ಹುಡುಗಿಯ ಪಾಲಿಗೆ ಬಂತು. ತಂಡಕ್ಕೆ ನಾಟ್ಯ ಕಲಿಸುವವರು ಆಕೆಯ ಅಜ್ಜ. ಚೆಂಡೆಯವನು ಆಕೆಯ ತಮ್ಮ.

ಡಿ90 ಮಾರುಕಟ್ಟೆಗೆ ಬಂದುದು 2008ರಲ್ಲಿ. ವಿಡಿಯೋ ತೆಗೆಯಬಲ್ಲ ಮೊತ್ತಮೊದಲ ಡಿ.ಎಸ್.ಎಲ್.ಆರ್. ಎಂಬ ಹೆಗ್ಗಳಿಕೆ ಅದರದು. ಚಿತ್ರದ ಗಾತ್ರ 12.3 ಮೆಗಾಪಿಕ್ಸೆಲ್. ಆರ್‌ಎಕ್ಸ್100 ಬಂದುದು 2012ರಲ್ಲಿ, 20.2 ಮೆಗಾಪಿಕ್ಸೆಲ್‌ನೊಂದಿಗೆ. ಸಂಖ್ಯೆ ನೋಡಿದವರು ಎರಡನೆಯದೇ ಮೇಲೆಂದು ತೀರ್ಮಾನಿಸಿಬಿಡುತ್ತಾರೆ. ಅಂಗಡಿಗಳವರೂ ಇಷ್ಟು ವರ್ಷ ಇದನ್ನೇ ಹೇಳಿ ಮಾರಿದ್ದಾರೆ. ವಾಸ್ತವದಲ್ಲಿ ಶಾಲೆಯ ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಹನ್ನೆರಡು ಮೆಗಾಪಿಕ್ಸೆಲ್ ಧಾರಾಳ ಸಾಕು. ನೋಡಬೇಕಾದುದು ಬೆಳಕನ್ನು ಹಿಡಿಯುವ ಫಲಕದ, ಅಂದರೆ ಸೆನ್ಸರಿನ, ವಿಸ್ತಾರವನ್ನು.

ಅಗ್ಗದ ಕಾಂಪ್ಯಾಕ್ಟ್ ಕ್ಯಾಮರಾಗಳ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರದ್ದು, ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಆರ್‌ಎಕ್ಸ್100ರದು 13.2 ಮತ್ತು 8.8 ಮಿ.ಮೀ. ಡಿ90ರದು 23.6 ಮತ್ತು 15.8 ಮಿ.ಮೀ. ಗುಣಿಸಿ ನೋಡಿದರೆ ಅಗ್ಗದ ಕ್ಯಾಮರಾಕ್ಕಿಂತ ಆರ್‌ಎಕ್ಸ್100 ನಾಲ್ಕು ಪಾಲು, ಡಿ90 ಹದಿಮೂರು ಪಾಲು ದೊಡ್ಡದು. ಮಳೆಗಾಲದಲ್ಲಿ ಅಂಗಳದಲ್ಲಿ ಲೋಟವನ್ನೂ ಕಡಾಯಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಯಾವುದರಲ್ಲಿ ಎಷ್ಟು ನೀರು ನಿಲ್ಲುವುದೆಂದು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ಹಾಗೆಂದು ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ನಾಲ್ಕು ವರ್ಷ ಹೊಸದಾದ ಸೆನ್ಸರ್ ತನ್ನ ಪಾಲಿಗೆ ಬಂದ ಬೆಳಕನ್ನು ಹೆಚ್ಚು ಜಾಣತನದಿಂದ ಬಳಸುತ್ತದೆ. ಹಗಲಿನಲ್ಲಿ ಎರಡರ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದರದೆಂದು ಹೇಳುವುದು ಕಷ್ಟವೇ.

ಮೊಬೈಲ್ ಫೋನು ಇರುವಾಗ ಇವೆಲ್ಲ ಏಕೆ ಎಂಬ ಪ್ರಶ್ನೆ ಸಭೆಯಲ್ಲಿ ಏಳದಿರಲಿಲ್ಲ. ನ್ಯಾಯವಾದ ಪ್ರಶ್ನೆಯೇ. ಸ್ವಾತಂತ್ರ್ಯ ದಿನಾಚರಣೆಗೆ, ತರಗತಿಯ ಗುಂಪುಚಿತ್ರಕ್ಕೆ, ವನಮಹೋತ್ಸವದ ಸುದ್ದಿಗೆ ಫೋನು ಯಥೇಷ್ಟ. ಆದರೆ ಫೋನಿನ ಮಸೂರ ಬಹುತೇಕ ಹತ್ತಿರದ, ಅಗಲದ ನೋಟಕ್ಕೆ ಮಾಡಿದ್ದು. ಕಲೋತ್ಸವದ ವೇದಿಕೆಯ ಮುಂಭಾಗ ತೀರ್ಪುಗಾರರಿಗೆ ಮೀಸಲು. ರಕ್ಷಕರ ಸ್ಥಾನ ಹಿಂದಿನ ಸಾಲುಗಳಲ್ಲಿ. ಅಲ್ಲಿಂದ ಬೆರಳಿನಿಂದ ಹಿಗ್ಗಿಸಿ ತೆಗೆದ ಚಿತ್ರದಲ್ಲಿ ಮಗುವಿನ ಮುಖ ಬಣ್ಣದ ಚೌಕಗಳಾಗಿ ಒಡೆದುಹೋಗುತ್ತದೆ. ಮಂದ ಬೆಳಕಿನಲ್ಲಿ ಫೋನು ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಒಂದಾಗಿಸುತ್ತದೆ. ದೇವಸ್ಥಾನದ ಗೋಪುರಕ್ಕೆ ಈ ಉಪಾಯ ಒಪ್ಪುತ್ತದೆ, ಧೀಂಗಿಣ ಹಾಕುವ ಹುಡುಗನಿಗೆ ಒಪ್ಪುವುದಿಲ್ಲ.

ಧೀಂಗಿಣವೇ ಇಲ್ಲಿ ನಿಜವಾದ ಪರೀಕ್ಷೆ. ಗಾಳಿಯಲ್ಲಿ ತಿರುಗುವ ವೇಷಧಾರಿಯನ್ನು ಮಸುಕಾಗದಂತೆ ಹಿಡಿಯಲು ಶಟರ್ ಸೆಕೆಂಡಿನ 250ನೇ ಒಂದು ಭಾಗದಷ್ಟು ಕಾಲವಾದರೂ ಚುರುಕಾಗಿ ತೆರೆದು ಮುಚ್ಚಬೇಕು. ಅಷ್ಟು ಅಲ್ಪ ಸಮಯದಲ್ಲಿ ಸಾಕಷ್ಟು ಬೆಳಕು ಒಳಬರಬೇಕಾದರೆ ಮಸೂರದ ಬಾಯಿ ಅಗಲವಿರಬೇಕು. ಇದನ್ನು ಸೂಚಿಸುವ ಅಂಕಿಗೆ ಎಫ್ ಸಂಖ್ಯೆ ಎಂದು ಹೆಸರು. ಅಂಕಿ ಚಿಕ್ಕದಾದಷ್ಟು ಬಾಯಿ ಅಗಲ. ಆರ್‌ಎಕ್ಸ್100ರ ಮಸೂರದ ಮೇಲೆ 1.8 ಎಂದು ಬರೆದಿರುವುದನ್ನು ತೋರಿಸಿ ಅದನ್ನು ಸೂಚಿಸಿದ ರಕ್ಷಕರು ವಾದಿಸಿದರು. ಅವರ ಮಾತು ಸುಳ್ಳಲ್ಲ, ಅರ್ಧ ನಿಜ. ಅದು ಅಗಲ ನೋಟದಲ್ಲಿ ಮಾತ್ರ. ದೂರದ್ದನ್ನು ಹತ್ತಿರಕ್ಕೆ ಎಳೆಯುತ್ತ ಹೋದಂತೆ ಬಾಯಿ ಕಿರಿದಾಗಿ ಕೊನೆಗೆ 4.9ಕ್ಕೆ ಬರುತ್ತದೆ. ಡಿ90ರೊಂದಿಗೆ ಬರುತ್ತಿದ್ದ 18-105 ಮಿ.ಮೀ. ಮಸೂರವೂ ಇದರಲ್ಲಿ ಉತ್ತಮವೇನಲ್ಲ. ಅದರ ತುದಿ 5.6. ಅಂದರೆ ದೊಡ್ಡ ಕ್ಯಾಮರಾ ಎಂಬ ಕಾರಣಕ್ಕೇ ರಾತ್ರಿಯ ಆಟ ಚೆನ್ನಾಗಿ ಬರುತ್ತದೆ ಎಂಬುದು ಭ್ರಮೆ.

ತಕ್ಕಡಿಯನ್ನು ವಾಲಿಸಿದ್ದು ಹಳೆ ವಿದ್ಯಾರ್ಥಿ ಜೊತೆಗೆ ಕೊಟ್ಟಿದ್ದ ಎರಡನೆಯ ಮಸೂರ: 50 ಮಿ.ಮೀ.ನದು, ಎಫ್ 1.8, ಅಂಗೈಯಲ್ಲಿ ಅಡಗುವಷ್ಟು ಸಣ್ಣದು, ಹಿಗ್ಗಿ ಕುಗ್ಗುವ ಸೌಕರ್ಯವಿಲ್ಲದ್ದು. 4.9ಕ್ಕೆ ಹೋಲಿಸಿದರೆ ಇದು ಏಳು ಪಾಲಿಗೂ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಸೆನ್ಸರಿನ ಸಂವೇದನೆಯನ್ನು ಒಂದೇ ಮಟ್ಟದಲ್ಲಿರಿಸಿದರೆ, ಇದು 250ನೇ ಒಂದು ಸೆಕೆಂಡಿನಲ್ಲಿ ತೆಗೆಯುವ ಚಿತ್ರಕ್ಕೆ ಕಾಂಪ್ಯಾಕ್ಟಿನ ನೀಳ ತುದಿ ಸುಮಾರು 34ನೇ ಒಂದು ಸೆಕೆಂಡನ್ನು ಬೇಡುತ್ತದೆ. ಕಪಾಟಿನ ಚಿತ್ರದ ಕೆಂಪು ಮಸುಕು ಹುಟ್ಟುವುದು ಈ ಅಂತರದಲ್ಲಿಯೇ. ಕಾಂಪ್ಯಾಕ್ಟಿನಲ್ಲಿ ಕೈನಡುಕವನ್ನು ತಡೆಯುವ ವ್ಯವಸ್ಥೆ ಇದೆಯಲ್ಲ ಎಂದರೆ, ಅದು ತಡೆಯುವುದು ತೆಗೆಯುವವನ ಕೈಯ ನಡುಕವನ್ನು, ಕುಣಿಯುವವನ ಕಾಲನ್ನಲ್ಲ.

ಹಳೆಯ ಡಿ.ಎಸ್.ಎಲ್.ಆರ್. ಕೊಳ್ಳುವವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಂಥ ಹಳೆಯ ನಿಕಾನ್ ಮಸೂರಗಳೊಳಗೆ ಮೋಟಾರು ಇರುವುದಿಲ್ಲ. ಡಿ90ರ ಒಡಲಲ್ಲಿ ಆ ಮೋಟಾರು ಇರುವುದರಿಂದ ಮಸೂರ ತಾನಾಗಿ ಫೋಕಸ್ ಆಗುತ್ತದೆ. ಡಿ40, ಡಿ3100 ಮೊದಲಾದ ಸಣ್ಣ ಮಾದರಿಗಳಲ್ಲಿ ಅದಿಲ್ಲ. ಅವುಗಳಿಗೆ ಇದೇ ಮಸೂರ ಹಾಕಿದರೆ ಕೈಯಿಂದಲೇ ತಿರುಗಿಸುತ್ತ ಕುಳಿತಿರಬೇಕು. ಅಗ್ಗವಾಗಿ ಸಿಕ್ಕಿತೆಂದು ಕ್ಯಾಮರಾವನ್ನೂ ಮಸೂರವನ್ನೂ ಬೇರೆ ಬೇರೆ ಕಡೆಯಿಂದ ತಂದವರು ಹಲವರು ಇಲ್ಲಿ ಎಡವಿದ್ದಾರೆ.

ಹುಡುಗಿ ಎರಡು ಕ್ಯಾಮರಾಗಳನ್ನೂ ಒಂದು ವಾರ ಎರವಲು ಪಡೆದಳು. ಮೊದಲ ದಿನವೇ ಡಿ90ರ ಬಗ್ಗೆ ಆಕೆಯ ದೂರು: "ಮಾವ, ಇದು ಭಾರಿ ಭಾರ ಉಂಟು, ಕುತ್ತಿಗೆ ನೋಯ್ತದೆ." ತಪ್ಪಲ್ಲ. ಬ್ಯಾಟರಿ ಸಹಿತ ಒಡಲು 700 ಗ್ರಾಂ, ಕಿಟ್ ಮಸೂರ 420 ಗ್ರಾಂ. ಎರಡೂ ಸೇರಿ ಒಂದು ಕಿಲೋ ದಾಟುತ್ತದೆ. ಆರ್‌ಎಕ್ಸ್100 ಕೇವಲ 240 ಗ್ರಾಂ. ಪಠ್ಯಪುಸ್ತಕ, ಬುತ್ತಿ, ಕೊಡೆಗಳ ಜೊತೆಗೆ ಬಸ್ಸಿನಲ್ಲಿ ನಿಂತು ಹೋಗುವ ವಿದ್ಯಾರ್ಥಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮನೆಯಲ್ಲೇ ಬಿಟ್ಟುಬಂದ ಒಳ್ಳೆಯ ಕ್ಯಾಮರಾಕ್ಕಿಂತ ಕೈಯಲ್ಲಿರುವ ಸಾಧಾರಣ ಕ್ಯಾಮರಾ ಮೇಲು ಎಂಬುದನ್ನು ಯಾರಾದರೂ ಒಪ್ಪಲೇಬೇಕು.

ಪೂರ್ವಾಭ್ಯಾಸದ ಸಂಜೆ ಎರಡರ ಗುಣದೋಷಗಳೂ ಬಯಲಾದವು. ವೇಷ ಕಟ್ಟಿಕೊಂಡ ಮಕ್ಕಳು ರಂಗಕ್ಕೆ ಇಳಿದಾಗ ಡಿ90 ತನ್ನ ಕೆಲಸವನ್ನು ತೋರಿಸಿತು. ಗುಂಡಿ ಒತ್ತಿದ ಕ್ಷಣವೇ ಚಿತ್ರ. ಕನ್ನಡಿಯ ಮೂಲಕ ನೇರವಾಗಿ ಕಣ್ಣಿಗೆ ಕಾಣುವ ನೋಟವಾದ್ದರಿಂದ ಯಾವ ವಿಳಂಬವೂ ಇಲ್ಲ. ಆದರೆ 1.8ರ ಬಾಯಿಯಲ್ಲಿ ಸ್ಪಷ್ಟವಾಗಿ ಬರುವ ಆಳ ಬಹಳ ಕಡಿಮೆ. ಮೊದಲ ನಲವತ್ತು ಚಿತ್ರಗಳಲ್ಲಿ ಕಿರೀಟದ ಮಣಿಗಳು ಹೊಳೆಯುತ್ತಿದ್ದವು, ಮುಖ ಮಂಜಾಗಿತ್ತು. ಹನ್ನೊಂದು ಫೋಕಸ್ ಬಿಂದುಗಳಲ್ಲಿ ನಡುವಿನದೊಂದನ್ನೇ ನಂಬಿ ಕಣ್ಣಿನ ಮೇಲಿಡಬೇಕೆಂದು ಅರಿತ ಬಳಿಕವೇ ಕೈ ಹದಗೊಂಡದ್ದು. ಕಾಂಪ್ಯಾಕ್ಟಿನ ತೊಂದರೆ ಬೇರೆ. ಮುಖವನ್ನು ತಾನೇ ಗುರುತಿಸುವ ಅದರ ಜಾಣ್ಮೆ, ಅಕ್ಕಿಹಿಟ್ಟಿನ ಚುಟ್ಟಿಯಿಟ್ಟ ಬಣ್ಣದ ವೇಷವನ್ನು ಮನುಷ್ಯಮುಖವೆಂದು ಒಪ್ಪಲೇ ಇಲ್ಲ! ಹಿಂದೆ ನಿಂತಿದ್ದ ಅಧ್ಯಾಪಕರ ಮುಖದ ಮೇಲೆ ಚೌಕ ಮೂಡಿಸಿ ಅವರನ್ನೇ ಸ್ಪಷ್ಟವಾಗಿ ತೆಗೆಯಿತು.

ವಿಡಿಯೋದಲ್ಲಿ ಫಲಿತಾಂಶ ತಲೆಕೆಳಗಾಯಿತು. ಡಿ90ರ ಎಚ್.ಡಿ. ವಿಡಿಯೋ ಒಮ್ಮೆಗೆ ಐದು ನಿಮಿಷ ಮಾತ್ರ ಓಡುತ್ತದೆ, ಓಡುವಾಗ ತಾನಾಗಿ ಫೋಕಸ್ ಮಾಡುವುದಿಲ್ಲ, ಧ್ವನಿ ಮೋನೋ. ಭಾಗವತಿಕೆಯ ಪದವೊಂದು ಏರುವ ಹೊತ್ತಿಗೆ ಯಂತ್ರ ನಿಂತುಹೋಗುತ್ತದೆ. ಆರ್‌ಎಕ್ಸ್100 ಪೂರ್ಣ ಎಚ್.ಡಿ.ಯಲ್ಲಿ, ಸ್ಟೀರಿಯೋ ಧ್ವನಿಯೊಂದಿಗೆ, ಚೆಂಡೆ ಮದ್ದಳೆಗಳನ್ನು ಸಾಕಷ್ಟು ಚೆನ್ನಾಗಿಯೇ ಹಿಡಿಯಿತು. ಬ್ಯಾಟರಿಯ ವಿಚಾರದಲ್ಲಿ ಮತ್ತೆ ಡಿ90 ಮೇಲುಗೈ: ಹೊಸತಾಗಿದ್ದಾಗ ಒಂದು ಚಾರ್ಜಿಗೆ 850 ಚಿತ್ರಗಳು ಎಂಬ ಲೆಕ್ಕ, ಕಾಂಪ್ಯಾಕ್ಟಿಗೆ 330.

ಇನ್ನೊಂದು ವಿಷಯ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಚೌಕಿಯಲ್ಲಿ ಅಜ್ಜ ಮಕ್ಕಳಿಗೆ ಬಣ್ಣ ಹಚ್ಚುತ್ತಿದ್ದರು. ದೊಡ್ಡ ಕ್ಯಾಮರಾ ಎತ್ತಿದಾಗಲೆಲ್ಲ ಅವರು ಬೆನ್ನು ನೆಟ್ಟಗೆ ಮಾಡಿ, ಹೆಗಲಿನ ಶಾಲು ಸರಿಪಡಿಸಿ, ಮತದಾರರ ಗುರುತುಚೀಟಿಗೆ ಕುಳಿತಂತೆ ಕುಳಿತುಬಿಡುತ್ತಿದ್ದರು. ಕನ್ನಡಿ ಬಡಿಯುವ ಸದ್ದಿಗೆ ಮಕ್ಕಳೂ ತಿರುಗಿ ನಗುತ್ತಿದ್ದರು. ಸದ್ದಿಲ್ಲದ ಸಣ್ಣ ಕ್ಯಾಮರಾವನ್ನು ಮಾತ್ರ ಯಾರೂ ಗಣಿಸಲಿಲ್ಲ. ಅದರಲ್ಲಿ ಬಂದ ಒಂದು ಚಿತ್ರದಲ್ಲಿ ಅಜ್ಜನ ಎಡಗೈ ನಡುಗುತ್ತಿರುವ ಬಲಗೈಯನ್ನು ಹಿಡಿದುಕೊಂಡಿದೆ. ಬಲಗೈಯ ಕಡ್ಡಿ ಮೊಮ್ಮಗನ ಹಣೆಯ ಮೇಲೆ ನಾಮ ಎಳೆಯುತ್ತಿದೆ. ಆ ಕೈ ನಡುಗುವುದೆಂದು ಮನೆಯವರಿಗೆ ಆವರೆಗೆ ಗೊತ್ತಿರಲಿಲ್ಲ.

ಕೊಳ್ಳುವ ಮುನ್ನ ಮಾಡಬೇಕಾದ ತಪಾಸಣೆಯನ್ನು ಹಳೆ ವಿದ್ಯಾರ್ಥಿಯೇ ಕಲಿಸಿಕೊಟ್ಟರು. ಡಿ90ರ ಶಟರನ್ನು ತಯಾರಕರು ಪರೀಕ್ಷಿಸಿದ್ದು ಒಂದು ಲಕ್ಷ ಚಿತ್ರಗಳಿಗೆ. ಎಷ್ಟು ತೆಗೆದಾಗಿದೆ ಎಂಬ ಲೆಕ್ಕ ಚಿತ್ರದ ಕಡತದೊಳಗೇ ಅಡಗಿರುತ್ತದೆ, ಕಂಪ್ಯೂಟರಿನಲ್ಲಿ ಓದಬಹುದು. ಬಾಯಿಯನ್ನು 16ಕ್ಕೆ ಕಿರಿದಾಗಿಸಿ ಬಿಳಿ ಆಕಾಶವನ್ನು ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಡಿ.ಎಸ್.ಎಲ್.ಆರ್.ನಲ್ಲಿ ಅದನ್ನು ಊದಿ ತೆಗೆಯಬಹುದು. ಕಾಂಪ್ಯಾಕ್ಟಿನ ಒಳಗೆ ಧೂಳು ಹೊಕ್ಕರೆ ಬಿಚ್ಚದೆ ಗತಿಯಿಲ್ಲ. ಕಾಂಪ್ಯಾಕ್ಟಿನ ಮಸೂರ ಹೊರಚಾಚುವ ಯಂತ್ರಕ್ಕೆ ಕಡಲತೀರದ ಮರಳು ಸಿಕ್ಕಿಕೊಂಡರಂತೂ ದುರಸ್ತಿಯ ಖರ್ಚು ಕ್ಯಾಮರಾದ ಬೆಲೆಯನ್ನೇ ಮುಟ್ಟಬಹುದು. ಮೆಮೊರಿ ಕಾರ್ಡು ಕೊಳ್ಳುವಾಗಲೂ ಎಚ್ಚರ ಬೇಕು: ಡಿ90 ಅರಿಯುವುದು 32 ಜಿ.ಬಿ. ವರೆಗಿನ ಎಸ್.ಡಿ.ಎಚ್.ಸಿ. ಕಾರ್ಡುಗಳನ್ನು. ನಿಕಾನ್ ಆಗಲಿ ಕ್ಯಾನನ್ ಆಗಲಿ 2020ರ ಬಳಿಕ ಹೊಸ ಡಿ.ಎಸ್.ಎಲ್.ಆರ್. ಮಾದರಿಗಳನ್ನು ತಂದಿಲ್ಲ, ಕನ್ನಡಿರಹಿತ ಕ್ಯಾಮರಾಗಳತ್ತ ಹೊರಳಿವೆ. ಹಳೆಯವು ಇಷ್ಟು ಅಗ್ಗವಾಗಿ ದೊರೆಯುತ್ತಿರುವುದಕ್ಕೆ ಇದೂ ಕಾರಣ.

ಇವೆಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಕರಾವಳಿಯ ತೇವ. ಮಸೂರವನ್ನು ಟಾರ್ಚಿನ ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಂಡವೆಂದರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಅಂಥದನ್ನು ಕೊಳ್ಳಬಾರದು. ಚರ್ಮದ ಚೀಲದಲ್ಲಿಟ್ಟು ಕಪಾಟಿನ ಕತ್ತಲೆಯಲ್ಲಿ ಭದ್ರಪಡಿಸುವುದು ಬೂಷ್ಟನ್ನು ಸಾಕಿದಂತೆಯೇ ಸರಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳೊಂದಿಗೆ ಇಟ್ಟು, ಹರಳಿನ ಬಣ್ಣ ಬದಲಾದಾಗ ಅವನ್ನು ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬೇಕು. ವಾರಕ್ಕೊಮ್ಮೆಯಾದರೂ ಹೊರತೆಗೆದು ನಾಲ್ಕು ಚಿತ್ರ ತೆಗೆಯುವುದು ಇನ್ನೂ ಒಳ್ಳೆಯದು.

ವಾರದ ಕೊನೆಗೆ ಪಿ.ಟಿ.ಎ. ಡಿ90 ಮತ್ತು ಎರಡು ಮಸೂರಗಳನ್ನು ಕೊಂಡಿತು. ರಂಗದ ಚಿತ್ರ ಬೇಕೆಂಬುದೇ ಶಾಲೆಯ ಉದ್ದೇಶವಾಗಿದ್ದುದರಿಂದ ಈ ತೀರ್ಮಾನ ಸರಿಯಾದುದೇ. ಸಾಕಷ್ಟು ಅಭ್ಯಾಸ ಮಾಡುವ ತಾಳ್ಮೆಯಿಲ್ಲದ, ಪ್ರವಾಸಕ್ಕೂ ಮನೆಯ ಸಮಾರಂಭಕ್ಕೂ ಒಂದೇ ಕ್ಯಾಮರಾ ಸಾಕೆನ್ನುವ ಕುಟುಂಬಕ್ಕಾದರೆ ಆರ್‌ಎಕ್ಸ್100ರಂಥದೇ ತಕ್ಕದ್ದು; 50 ಮಿ.ಮೀ. ಮಸೂರವಿಲ್ಲದ ಡಿ.ಎಸ್.ಎಲ್.ಆರ್.ಗೆ ಅಷ್ಟು ಭಾರ ಹೊರುವುದರಲ್ಲಿ ಅರ್ಥವಿಲ್ಲ.

ಆರ್‌ಎಕ್ಸ್100 ಅದರ ಒಡೆಯರಿಗೆ ಹಿಂದಿರುಗಿತು. ಕೊಡುವ ಮುನ್ನ ಹುಡುಗಿ ಅದರ ಕಾರ್ಡಿನಿಂದ ಒಂದೇ ಒಂದು ಚಿತ್ರವನ್ನು ಪ್ರತಿ ಮಾಡಿಕೊಂಡಳು. ಕಚೇರಿಯ ಕಪಾಟಿನಲ್ಲಿ ಫಲಕಗಳ ನಡುವೆ ಈಗ ಎರಡು ಚೌಕಟ್ಟುಗಳಿವೆ. ಒಂದರಲ್ಲಿ ತಂಡದ ಹುಡುಗನೊಬ್ಬ ನೆಲಬಿಟ್ಟು ಗಾಳಿಯಲ್ಲಿ ನಿಂತಿದ್ದಾನೆ, ಗೆಜ್ಜೆಯ ಒಂದೊಂದು ಕಾಳನ್ನೂ ಎಣಿಸಬಹುದು. ಇನ್ನೊಂದು, ಅಜ್ಜನ ಕೈಗಳದು. ಅದನ್ನು ಅಲ್ಲಿಡಲು ಅಜ್ಜ ಮೊದಲು ಒಪ್ಪಿರಲಿಲ್ಲ.