ಸಿಗ್ನಲ್ ಸಿಗದ ಹೊಲದ ಬೆಳೆ ಲೆಕ್ಕ

ಬಾದಾಮಿ ಹತ್ತಿರದ ಬನಶಂಕರಿ. ಸುತ್ತ ಕೆಂಪು ಮರಳುಗಲ್ಲಿನ ಗುಡ್ಡಗಳು. ಗುಡ್ಡ ಅಡ್ಡ ಬಂದರೆ ಮೊಬೈಲ್ ಸಿಗ್ನಲ್ ಕುಸಿಯುತ್ತದೆ. ಅಂಥ ಕಡೆಯ ಹೊಲದ ಬೆಳೆ ಸರ್ಕಾರದ ದಾಖಲೆಗೆ ಏರುವುದು ಹೇಗೆ?

2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪ್ ಅನ್ನು ರೈತರ ಕೈಗೇ ಕೊಟ್ಟಿತು. ಅದರ ಜಾಣತನವೆಲ್ಲ ಇರುವುದು ಕೆಲಸದ ಕ್ರಮದಲ್ಲಿ. ನೆಟ್‌ವರ್ಕ್ ಇರುವಾಗ ಊರಲ್ಲೇ ಸರ್ವೆ ನಂಬರಿನ ವಿವರ ಮತ್ತು ನಕ್ಷೆ ಇಳಿಸಿಕೊಳ್ಳಬೇಕು. ಇಡೀ ತಾಲ್ಲೂಕಿನದ್ದು ಬೇಡ, ಬೇಕಾದಷ್ಟೇ ಸಾಕು. ಹೊಲ ಮುಟ್ಟಿದ ಮೇಲೆ ಇಂಟರ್‌ನೆಟ್ಟಿನ ಹಂಗಿಲ್ಲ. ಜಿಪಿಎಸ್ ನೇರವಾಗಿ ಉಪಗ್ರಹದ ಸಂಕೇತ ಹಿಡಿಯುತ್ತದೆ. ಅದಕ್ಕೆ ಟವರ್ ಬೇಕಿಲ್ಲ, ಡೇಟಾ ಖರ್ಚಾಗುವುದಿಲ್ಲ. ರೈತರು ಹೊಲದ ಗಡಿಯೊಳಗೆ ನಿಂತು, ಹೆಸರೋ ಸಜ್ಜೆಯೋ ತೊಗರಿಯೋ ಆರಿಸಿ, ವಿಸ್ತೀರ್ಣ ತುಂಬಿ ಫೋಟೊ ತೆಗೆದರೆ ಎಲ್ಲವೂ ಫೋನಿನಲ್ಲೇ ಉಳಿಯುತ್ತದೆ. ಸಿಗ್ನಲ್ ಸಿಕ್ಕಾಗ ಅಪ್‌ಲೋಡ್.

ಫೋನಿಲ್ಲದವರ ಹೊಲಕ್ಕೆ ಊರಿನ ಯುವಕರೇ ಸಮೀಕ್ಷೆಗೆ ಹೋಗುತ್ತಾರೆ.

ಹೀಗೆ ಒಮ್ಮೆ ದಾಖಲಾದ ಮಾಹಿತಿ ಬೆಳೆ ವಿಮೆಗೂ ಬೇಕು, ಬೆಂಬಲ ಬೆಲೆಯ ಖರೀದಿಗೂ ಬೇಕು, ಬರ–ನೆರೆ ಪರಿಹಾರಕ್ಕೂ ಬೇಕು. ಇಲಾಖೆಗೊಂದು ಲೆಕ್ಕ, ಕಚೇರಿಗೊಂದು ಅರ್ಜಿ ಎಂಬ ಅಲೆದಾಟ ಇದರಿಂದ ತಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ಪ್ರವಾಹಕ್ಕೆ ಬೆಳೆ ಕಳೆದುಕೊಂಡ ಬಾದಾಮಿ, ಹುನಗುಂದ ಸೀಮೆಯವರಿಗೆ ಇದು ಸಣ್ಣ ಸಂಗತಿಯಲ್ಲ.

ಕಡಲೆ ಬಿತ್ತಿದ ಎರೆಹೊಲಕ್ಕೆ ಜೋಳ ಎಂದು ದಾಖಲಾಗಿದ್ದರೆ? ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ, ಫೋಟೊ ಸಮೇತ ವಿವರ ನೋಡಿ, ಅಲ್ಲಿಂದಲೇ ಆಕ್ಷೇಪಣೆ ಸಲ್ಲಿಸಬಹುದು.