ಟ್ಯೂಬಿಂಗೆನ್ನಿನ ಹಾದಿಯ ಕಾಗದಪತ್ರಗಳು

ಕನ್ನಡಕ್ಕೆ 1894ರಲ್ಲಿ ಮಹಾನಿಘಂಟುವೊಂದನ್ನು ಅರ್ಪಿಸಿದ ಕಿಟ್ಟೆಲರು ತಮ್ಮ ಅಂತ್ಯಕಾಲವನ್ನು ಕಳೆದು 1903ರಲ್ಲಿ ನಿಧನರಾದ ಟ್ಯೂಬಿಂಗೆನ್ ನಗರಕ್ಕೆ ಇಂದು ನಮ್ಮ ವಿದ್ಯಾರ್ಥಿಯೊಬ್ಬನು ವ್ಯಾಸಂಗಾರ್ಥವಾಗಿ ಹೊರಡುವುದಾದರೆ, ಅಲ್ಲಿನ ವಿಶ್ವವಿದ್ಯಾನಿಲಯದ ಪ್ರವೇಶಪತ್ರವು ಕೈಸೇರಿದೊಡನೆಯೇ ಕಾರ್ಯಸಿದ್ಧಿಯಾಯಿತೆಂದು ಹಿಗ್ಗುವಂತಿಲ್ಲ. ಏಕೆಂದರೆ ಜರ್ಮನಿಯಲ್ಲಿ ಪ್ರವೇಶವೆಂಬುದು ಬೇರೆ, ದಾಖಲಾತಿಯೆಂಬುದು ಬೇರೆ, ವಾಸದ ಅನುಮತಿಯೆಂಬುದು ಮತ್ತೂ ಬೇರೆ. ಆದರೂ ಒಂದರ ಆಸರೆಯಿಲ್ಲದೆ ಇನ್ನೊಂದು ನಿಲ್ಲದು.

2022ರ ನವೆಂಬರ್‌ನಿಂದೀಚೆಗೆ ನಮ್ಮ ಅಂಕಪಟ್ಟಿಗಳನ್ನು ದೆಹಲಿಯ ಎ.ಪಿ.ಎಸ್. ಸಂಸ್ಥೆಯು ಪರಿಶೀಲಿಸಿ ಪ್ರಮಾಣಪತ್ರವನ್ನು ನೀಡಿದ ಹೊರತು ವೀಸಾ ಅರ್ಜಿಯು ಸಾಮಾನ್ಯವಾಗಿ ಮುಂದೆ ಸಾಗದು. ವಿದ್ಯಾರ್ಥಿವೇತನವಾಗಲಿ, ಅಲ್ಲಿ ನೆಲಸಿರುವವರ ಹೊಣೆಪತ್ರವಾಗಲಿ ಇಲ್ಲದವನು ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೋಗಳನ್ನು ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಮುಂಗಡವಾಗಿ ಇರಿಸಬೇಕು. ಅದರಿಂದ ತಿಂಗಳಿಗೆ 992 ಯೂರೋಗಳಷ್ಟನ್ನೇ ತೆಗೆಯಬಹುದು. ಸೊಂಟದಲ್ಲಿ ಬೀಗದ ಕೈ ಸಿಕ್ಕಿಸಿಕೊಂಡು, ಉಗ್ರಾಣದಿಂದ ದಿನದಿನದ ಅಕ್ಕಿಯನ್ನು ಸೇರಿನಲ್ಲಿ ಅಳೆದುಕೊಡುತ್ತಿದ್ದ ಅವಿಭಕ್ತ ಕುಟುಂಬದ ಅಜ್ಜಿಯರನ್ನು ಕಂಡವರಿಗೆ ಈ ಏರ್ಪಾಡು ಅಪರಿಚಿತವೆನಿಸದು.

ಅಲ್ಲಿಗೆ ತಲುಪಿದ ಮೇಲಿನ ಮೊದಲ ತೊಡಕು ಮನೆಯದು. ಬಾಡಿಗೆಯ ಕೋಣೆಯನ್ನು ಹೊಕ್ಕ ಎರಡು ವಾರಗಳೊಳಗಾಗಿ, ಮನೆಯೊಡೆಯನ ದೃಢೀಕರಣಪತ್ರವನ್ನು ಹಿಡಿದು, ನಗರದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಆದರೆ ವಿದ್ಯಾರ್ಥಿಗಳಿಂದಲೇ ತುಂಬಿತುಳುಕುವ ಊರಿನಲ್ಲಿ ಕೋಣೆ ದೊರಕುವುದು ವೀಸಾ ದೊರಕುವುದಕ್ಕಿಂತ ದುರ್ಲಭವೆಂದರೆ ಅತಿಶಯೋಕ್ತಿಯಾಗಲಾರದು. ಕೈಯಲ್ಲಿರುವ ವೀಸಾ ಅಲ್ಪಾವಧಿಯದು. ಅದು ಮುಗಿಯುವ ಮುನ್ನವೇ ವಿದೇಶೀಯರ ಕಚೇರಿಗೆ ವಾಸಾನುಮತಿಗಾಗಿ ಅರ್ಜಿ ಹಾಕಬೇಕು. ಆ ಅರ್ಜಿಯೊಡನೆ ವಿಳಾಸವೂ ವಿಮೆಯೂ ಹಣದ ಆಧಾರವೂ ದಾಖಲಾತಿಯ ಪತ್ರವೂ ಇರಬೇಕು. ಆ ದಾಖಲಾತಿಯಾದರೋ, ವಿಮಾಸಂಸ್ಥೆಯೇ ನೇರವಾಗಿ ವಿಶ್ವವಿದ್ಯಾನಿಲಯಕ್ಕೆ ಸಂದೇಶವನ್ನು ಕಳುಹಿಸುವ ತನಕ ಪೂರ್ಣವಾಗದು.

ಜರ್ಮನಿಯಲ್ಲಿ ವಿದ್ಯೆಯೆಲ್ಲ ಉಚಿತವೆಂಬ ಜನಜನಿತ ಮಾತೂ ಟ್ಯೂಬಿಂಗೆನ್ನಿಗೆ ಪೂರ್ತಿ ಹೊಂದದು. ಅದು ಸೇರಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯವು ಐರೋಪ್ಯ ಒಕ್ಕೂಟದ ಹೊರಗಿನ ಹೊಸ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋಗಳ ಶುಲ್ಕವನ್ನು 2017ರಲ್ಲಿ ವಿಧಿಸಿತು. ಸಂಪಾದಿಸಿ ಓದುವೆನೆಂಬವನಿಗೂ ವರ್ಷಕ್ಕೆ 140 ಪೂರ್ಣದಿನಗಳ ದುಡಿಮೆಯ ಮಿತಿಯುಂಟು.

ಇಷ್ಟೆಲ್ಲ ಆದಮೇಲೂ ದಾಖಲಾತಿ ಒಮ್ಮೆಗೇ ಮುಗಿಯುವ ಶಾಸ್ತ್ರವಲ್ಲ. ಪ್ರತಿ ಸೆಮಿಸ್ಟರಿಗೂ ನಿಯತ ದಿನದೊಳಗೆ ಶುಲ್ಕವನ್ನು ಸಲ್ಲಿಸಿ ಹೆಸರನ್ನು ನವೀಕರಿಸಿಕೊಳ್ಳಬೇಕು. ಜ್ಞಾಪನಪತ್ರವನ್ನೂ ಅಲಕ್ಷಿಸಿದವನ ಹೆಸರನ್ನು ವಿಶ್ವವಿದ್ಯಾನಿಲಯವು ಪಟ್ಟಿಯಿಂದ ತೆಗೆದುಹಾಕೀತು, ಆಗ ವಾಸಾನುಮತಿಗೆ ಇದ್ದ ಆಧಾರವೇ ಕಳಚಿಬೀಳುವುದು.